ಪರದೆಯಂಚಿನ ಮುದ್ರೆ

"ಈ ಹುಡುಗಿಗೆ ಮೆಡಿಕಲ್ ಸೀಟು ಸಿಕ್ಕಿದ ದಿನ ನನ್ನ ಹತ್ತಿರ ಕರಕೊಂಡು ಬಾ. ಓದಿಸೋ ಜವಾಬ್ದಾರಿ ನನ್ನದು."

ದೊಡ್ಡ ಡಾಕ್ಟರು ಈ ಮಾತು ಹೇಳಿದಾಗ ನನ್ನ ಮಗಳಿಗೆ ಏಳು ವರ್ಷ. ಹೇಳಿದ್ದು ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ, ನನ್ನ ಇಸ್ತ್ರಿ ಮೇಜಿನ ಮುಂದೆ, ಇನ್ನೂ ಮೂರು ಜನ ಕೇಳುವ ಹಾಗೆ. ಸ್ಕೂಲು ಬಿಟ್ಟ ಮೇಲೆ ಅವಳನ್ನು ನೋಡಿಕೊಳ್ಳುವವರು ಯಾರೂ ಇರಲಿಲ್ಲ, ನನ್ನ ಮೇಜಿನ ಕೆಳಗೇ ಕೂತಿರುತ್ತಿದ್ದಳು. ಡಾಕ್ಟರುಗಳ ಬಿಳಿ ಕೋಟಿನ ಜೇಬಿನ ಮೇಲೆ ಕೆಂಪು ದಾರದಲ್ಲಿ ಹೆಸರು ಹೊಲಿದಿರುತ್ತದಲ್ಲ, ಅವಳು ಅಕ್ಷರ ಕೂಡಿಸಿ ಓದಲು ಕಲಿತದ್ದೇ ಅದರಿಂದ.

ಅವತ್ತು ಡಾಕ್ಟರು ಯಾವುದೋ ಮೀಟಿಂಗಿಗೆ ಅವಸರ ಅಂತ ಕೋಟು ಕೇಳಿಕೊಂಡು ತಾವೇ ಕೆಳಗಿಳಿದು ಬಂದಿದ್ದರು. ನಾನು ಕೊಡುವುದಕ್ಕೆ ಕೈ ಚಾಚಿದ್ದೇ ತಡ, ಇವಳು ಮೇಜಿನ ಕೆಳಗಿಂದ ತಲೆ ಹೊರಗೆ ಹಾಕಿ, "ಕೊಡಬೇಡಮ್ಮ, ಎರಡನೇ ಗುಂಡಿ ಇಲ್ಲ. ಇವರು ಹೊಟ್ಟೆ ಕೊಯ್ಯೋ ಡಾಕ್ಟರು. ಹೋದ ವಾರಾನೂ ಅದೇ ಗುಂಡಿ ಕಿತ್ತುಕೊಂಡು ಬಂದಿದ್ರು" ಅಂದಳು.

ನಾನು ಅವಳ ತಲೆಯನ್ನು ಮತ್ತೆ ಮೇಜಿನ ಕೆಳಗೆ ಒತ್ತಿದೆ. ಡಾಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ಸಾಲಾಗಿ ನೇತುಹಾಕಿದ್ದ ಕೋಟುಗಳನ್ನು ತೋರಿಸಿ ಇದು ಯಾರದು, ಅದು ಯಾರದು ಅಂತ ಕೇಳುತ್ತಾ ಹೋದರು. ಇವಳು ಹೆಸರು, ವಾರ್ಡು, ಯಾವ ಕೋಟಿಗೆ ಎಲ್ಲಿ ಕಲೆ, ಎಲ್ಲ ಪಟಪಟ ಹೇಳಿದಳು. ಆಮೇಲೆ ಡಾಕ್ಟರು ಆ ಮಾತು ಹೇಳಿದ್ದು. ಅವತ್ತಿನಿಂದ ಲಾಂಡ್ರಿಯಲ್ಲಿ ಅವಳ ಹೆಸರು ಗುಂಡಿ ಅಂತಲೇ ಆಯಿತು. ನನ್ನನ್ನಂತೂ ಮೊದಲಿಂದ ಗಂಜಕ್ಕ ಅಂತಲೇ ಕರೆಯುವುದು. ಬಟ್ಟೆಗೆ ಗಂಜಿ ಹಾಕುವುದರಲ್ಲಿ ನನ್ನನ್ನು ಮೀರಿಸುವವರು ಆ ಆಸ್ಪತ್ರೆಯಲ್ಲಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ಮುಂದಿನದಕ್ಕೆಲ್ಲ ಅದೇ ಕಾರಣ.

ಹನ್ನೊಂದು ವರ್ಷ ದೊಡ್ಡ ಡಾಕ್ಟರ ಕೋಟನ್ನು ನಾನು ಬೇರೆಯವರ ಕೈಗೆ ಕೊಡಲಿಲ್ಲ. ಮೊದಲು ಕಾಲರಿನ ಒಳಮೈ, ಆಮೇಲೆ ಹೊರಮೈ, ಗುಂಡಿ ಒಂದೊಂದನ್ನೂ ಎಳೆದು ನೋಡುವುದು. ಅವರ ಹತ್ತಿರ ಒಂದು ದಿನ ರಜೆಗೆ ಶಿಫಾರಸು ಕೇಳಲಿಲ್ಲ, ನಮ್ಮ ಮನೆಯವರಿಗೆ ಜಾಂಡಿಸ್ ಆದಾಗಲೂ ಕೇಳಲಿಲ್ಲ. ಕೇಳುವ ದಿನ ಒಂದೇ ಸಲ ಬರುತ್ತದೆ, ಅಲ್ಲಿಯ ತನಕ ಬಾಯಿಗೆ ಬೀಗ ಅಂದುಕೊಂಡಿದ್ದೆ.

ನಮ್ಮ ಮನೆಯವರದು ಅದೇ ಆಸ್ಪತ್ರೆಯ ಲಿಫ್ಟಿನಲ್ಲಿ ಕೆಲಸ. "ಇಡೀ ದಿನ ಮೇಲಕ್ಕೆ ಹೋಗ್ತೀನಿ ಕಣೇ, ಸಂಬಳ ಮಾತ್ರ ನೆಲಮಹಡಿ ಬಿಟ್ಟು ಏಳಲ್ಲ" ಅಂತ ಅವರ ಹಳೇ ಜೋಕು. ನಗುವುದನ್ನು ನಾವು ಯಾವತ್ತೋ ನಿಲ್ಲಿಸಿದ್ದೆವು. ಅವರು ಹೇಳುವುದನ್ನು ನಿಲ್ಲಿಸಿರಲಿಲ್ಲ.

ಸೀಟು ಸಿಕ್ಕಿತು. ಪಟ್ಟಿಯಲ್ಲಿ ಹೆಸರು ಇದೆ ಅಂತ ಗೊತ್ತಾದಾಗ ಗುಂಡಿ ಅಳಲಿಲ್ಲ, ಕುಣಿಯಲಿಲ್ಲ. ಕೊನೆಯ ಪುಟ ತೆಗೆದು ಫೀಸಿನ ಕಡೆ ಬೆರಳಿಟ್ಟಳು. ನಾವಿಬ್ಬರೂ ದುಡಿದದ್ದನ್ನು ಒಂದು ಕಾಸೂ ಮುಟ್ಟದೆ ಆರು ವರ್ಷ ಕೂಡಿಟ್ಟರೆ ಮೊದಲ ವರ್ಷದ ಫೀಸು. ಕಟ್ಟಲು ಇದ್ದದ್ದು ಇಪ್ಪತ್ತಮೂರು ದಿನ. ಕಟ್ಟದಿದ್ದರೆ ಸೀಟು ಪಟ್ಟಿಯಲ್ಲಿ ಅವಳ ನಂತರ ಇರುವವರಿಗೆ.

"ನಿನ್ನ ದೊಡ್ಡ ಡಾಕ್ಟರು ಇನ್ನೂ ಮಾತು ನೆನಪಿಟ್ಟಿದ್ದಾರಾ?" ಅಂತ ಕೇಳಿದಳು.

"ಅಂಥವರು ಮರೆಯಲ್ಲ."

"ಅಂಥವರು ಅಂದ್ರೆ ಎಂಥವರಮ್ಮ?"

ಮಾರನೆಯ ದಿನ ಅವಳನ್ನು ಕರೆದುಕೊಂಡು ಐದನೇ ಮಹಡಿಗೆ, ಡಾಕ್ಟರ ಕೋಣೆಗೆ ಹೋದೆ. ಒಂದೂವರೆ ಗಂಟೆ ಹೊರಗೆ ನಿಂತ ಮೇಲೆ ಒಳಗೆ ಕರೆದರು. ಸಂತೋಷಪಟ್ಟರು, ಸುಳ್ಳು ಹೇಳಬಾರದು. ಗುಂಡಿಯ ತಲೆ ಸವರಿದರು.

"ಸಾರ್, ನೀವು ಅವತ್ತು ಲಾಂಡ್ರಿಯಲ್ಲಿ ಒಂದು ಮಾತು ಹೇಳಿದ್ರಿ. ಸೀಟು ಸಿಕ್ಕಿದ್ರೆ ಓದಿಸೋದು ನನ್ನ ಜವಾಬ್ದಾರಿ ಅಂತ."

"ಅಂದಿದ್ದೆನಾ?" ಅಂತ ಕುರ್ಚಿಗೆ ಒರಗಿದರು. "ಒಳ್ಳೇ ಮಾತೇ ಅಂದಿದ್ದೀನಿ ಬಿಡು."

ಅವರು ಮೇಜಿನ ಖಾನೆಯಿಂದ ಒಂದು ಅರ್ಜಿ ತೆಗೆದುಕೊಟ್ಟರು. ಅವರ ತಾಯಿಯ ಹೆಸರಲ್ಲಿ ಒಂದು ಟ್ರಸ್ಟ್ ಮಾಡಿದ್ದಾರಂತೆ, ಅಧ್ಯಕ್ಷರು ಇವರೇ. ವರ್ಷಕ್ಕೆ ಒಂದು ಮಗುವಿಗೆ ಫೀಸು, ಹಾಸ್ಟೆಲ್ಲು, ಪುಸ್ತಕ, ಐದೂ ವರ್ಷ. "ಆದ್ರೆ ನೋಡಮ್ಮ, ಕಮಿಟಿ ಅಂತ ಇದೆ. ಮನೆಗೆ ಬಂದು ನೋಡ್ತಾರೆ. ನಾನು ಮಧ್ಯ ಬಾಯಿ ಹಾಕಿದ್ರೆ ಚೆನ್ನಾಗಿರಲ್ಲ. ಅರ್ಹತೆ ಇದ್ರೆ ಯಾರೂ ತಪ್ಪಿಸೋಕಾಗಲ್ಲ."

ಹೊರಗೆ ಬಂದ ಮೇಲೆ ಗುಂಡಿ, "ಜವಾಬ್ದಾರಿ ನನ್ನದು ಅಂದಿದ್ದೋರು ಈಗ ಫಾರಂ ಕೊಟ್ರು" ಅಂದಳು.

"ಬಾಯಿ ಮುಚ್ಚು. ಅವರೇ ಅಧ್ಯಕ್ಷರು. ಅದೂ ಒಂದೇ, ಇದೂ ಒಂದೇ" ಅಂದೆ. ನಿಜವಾಗಿಯೂ ಹಾಗೇ ಅಂದುಕೊಂಡಿದ್ದೆ.

ಕಮಿಟಿಯವರು ಭಾನುವಾರ ಬರುತ್ತಾರೆ ಅಂತ ಗೊತ್ತಾಯಿತು. ಲಾಂಡ್ರಿಯಲ್ಲಿ ದೊಡ್ಡ ವಾಷಿಂಗ್ ಮೆಷಿನ್ ನೋಡಿಕೊಳ್ಳುವ ಡ್ರಮ್ಮಣ್ಣ, ನನಗಿಂತ ಹತ್ತು ವರ್ಷ ದೊಡ್ಡವನು, ಸೋಪಿನ ಕೈಯಲ್ಲೇ ಬಂದು ನಿಂತ.

"ಗಂಜಕ್ಕ, ಒಂದು ಮಾತು ಕೇಳ್ತೀಯಾ? ಏನೂ ಮಾಡಬೇಡ. ಮನೆ ಹೆಂಗಿದೆಯೋ ಹಂಗೇ ಬಿಡು. ಆದ್ರೆ ಇನ್ನೂ ಸ್ವಲ್ಪ ಕೆಡಿಸು."

"ನಾಲ್ಕು ಜನ ಮನೆಗೆ ಬರ್ತಾರೆ ಅಂದ್ರೆ ಕೆಡಿಸಿಡ್ತಾರಾ ಯಾರಾದ್ರೂ?"

"ಅವರು ನೆಂಟರಲ್ಲ ಕಣಕ್ಕ."

"ನಿನ್ನ ಮನೆಗೆ ಬಂದಿದ್ರೆ ಕೆಡಿಸೋ ಕಷ್ಟಾನೇ ಇರ್ತಿರಲಿಲ್ಲ ಬಿಡು" ಅಂದೆ. ಅವನು ನಕ್ಕ. ಆದರೆ ತಲೆಯಾಡಿಸಿಕೊಂಡೇ ಹೋದ.

ನಮ್ಮದು ಒಂದು ಕೋಣೆ, ಒಂದು ಅಡುಗೆಯ ಮೂಲೆ. ಗೋಡೆಯ ತೇವ ಕಾಣದ ಹಾಗೆ ಎರಡೂ ಕಡೆ ಪರದೆ ಹಾಕಿದ್ದೆ. ಆಸ್ಪತ್ರೆಯಲ್ಲಿ ಹಳತಾದ ಬೆಡ್‌ಶೀಟುಗಳ ಅಂಚಿಗೆ 'ರದ್ದು' ಅಂತ ಕಪ್ಪು ಮುದ್ರೆ ಒತ್ತಿ ತೂಕದ ಮೇಲೆ ಮಾರುತ್ತಾರೆ. ಕೆಲಸದವರಿಗೆ ಸ್ವಲ್ಪ ಕಡಿಮೆಗೆ ಸಿಗುತ್ತದೆ. ಅದನ್ನು ತಂದು, ಬಣ್ಣ ಹಾಕಿ, ಮುದ್ರೆಯ ಅಂಚನ್ನು ಒಳಗೆ ಮಡಚಿ ಹೊಲಿದು ಪರದೆ ಮಾಡುತ್ತೇನೆ. ಎರಡು ಬೆರಳಗಲ ಮಡಚಿದರೆ ಸಾಕು, ಅದು ರದ್ದಾದ ಬಟ್ಟೆ ಅಂತ ಹುಟ್ಟಿಸಿದ ದೇವರಿಗೂ ಗೊತ್ತಾಗುವುದಿಲ್ಲ. ಹಾಸಿಗೆಯ ಹೊದಿಕೆ, ದಿಂಬಿನ ಚೀಲ, ಮೇಜಿನ ಮೇಲಿನ ಬಟ್ಟೆ, ಎಲ್ಲ ಹಾಗೇ ಮಾಡಿದ್ದು.

ಶನಿವಾರ ಎಲ್ಲವನ್ನೂ ಬಿಚ್ಚಿ ಒಗೆದೆ. ಗಂಜಿ ಹಾಕಿದೆ. ಮಡಿಕೆಗೆ ಮಡಿಕೆ ಕೂರಿಸಿ ಇಸ್ತ್ರಿ ಮಾಡಿದೆ. ಪಕ್ಕದ ಮನೆಯಿಂದ ಎರಡು ಕುರ್ಚಿ, ಮಾಲೀಕರ ಮನೆಯಿಂದ ಹೂವಿನ ಚಿತ್ರದ ಕಪ್ಪುಗಳು ಬಂದವು. ಗುಂಡಿಗೆ ಅಂತ ಒಂದು ರದ್ದಾದ ಕೋಟನ್ನು ಕತ್ತರಿಸಿ ಅಳತೆಗೆ ಹೊಲಿದಿದ್ದೆ, ಜೇಬಿನ ಮೇಲೆ ಕೆಂಪು ದಾರದಲ್ಲಿ ಅವಳ ಹೆಸರು. ಅದನ್ನೂ ಗೋಡೆಗೆ ನೇತುಹಾಕಿದೆ. ನೋಡಿದರೆ ಸಂತೋಷಪಡುತ್ತಾರೆ ಅಂತ.

ಬಂದವರು ಇಬ್ಬರು: ದೊಡ್ಡ ಕೈಚೀಲದ ಒಬ್ಬ ಮೇಡಮ್ಮು, ಫೈಲು ಹಿಡಿದ ಒಬ್ಬ ಸಣಕಲು ಮನುಷ್ಯ. ಮೇಡಮ್ಮು ಬಾಗಿಲಲ್ಲೇ ನಿಂತು, "ಅಯ್ಯೋ, ಎಷ್ಟು ನೀಟಾಗಿ ಇಟ್ಟುಕೊಂಡಿದ್ದೀರಿ!" ಅಂದರು. ನನಗೆ ಎದೆ ಉಬ್ಬಿತು. ಈಗ ನೆನೆಸಿಕೊಂಡರೆ ಮೈಯೆಲ್ಲ ಉರಿಯುತ್ತದೆ.

ಚಹಾ ಕುಡಿದರು. ಮೇಡಮ್ಮು ಪರದೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು. "ಒಳ್ಳೇ ಕಾಟನ್ನು. ಯಾವ ಅಂಗಡೀದು?"

ಗುಂಡಿ ನನ್ನ ಮುಖ ನೋಡಿದಳು. ಹೇಳು ಅಂತ ಅವಳ ಕಣ್ಣು ಹೇಳುತ್ತಿತ್ತು. ರದ್ದು ಬಟ್ಟೆ ಮೇಡಮ್, ರೋಗಿಗಳು ಮಲಗಿದ್ದ ಹಾಸಿಗೆದು, ತೂಕದ ಮೇಲೆ ತಗೊಂಡಿದ್ದು. ಇಷ್ಟು ಹೇಳಿದ್ದರೆ ಆಗಿತ್ತು. ಕೈಯಲ್ಲಿ ಅವರ ಎಂಜಲು ಕಪ್ಪು ಹಿಡಿದುಕೊಂಡು ನಿಂತಿದ್ದೆ, ನಾಲಿಗೆ ಏಳಲಿಲ್ಲ.

"ಹೀಗೇ ಮೇಡಮ್, ಪರಿಚಯದವರ ಹತ್ತಿರ" ಅಂದೆ.

ಸಣಕಲು ಮನುಷ್ಯ ಏನೋ ಬರೆದುಕೊಂಡ.

ಫಲಿತಾಂಶ ನಮಗೆ ಕಾಗದದಲ್ಲಿ ಬರಲಿಲ್ಲ, ಲಿಫ್ಟಿನಲ್ಲಿ ಬಂತು. ಬುಧವಾರ ಮಧ್ಯಾಹ್ನ ದೊಡ್ಡ ಡಾಕ್ಟರು, ಆ ಮೇಡಮ್ಮು ಇಬ್ಬರೂ ಮೇಲೆ ಹೋಗಲು ಹತ್ತಿದರಂತೆ. ಲಿಫ್ಟಿನ ಬಟನ್ನು ಒತ್ತುತ್ತಾ ಸ್ಟೂಲಿನ ಮೇಲೆ ಕೂತವನಿಗೆ ಕಿವಿ ಇರುವುದಿಲ್ಲ ಅಂತ ದೊಡ್ಡವರೆಲ್ಲರ ನಂಬಿಕೆ. ನಮ್ಮ ಮನೆಯವರು ಸಾಯಂಕಾಲ ಬಂದು, ಚಪ್ಪಲಿಯನ್ನೂ ಬಿಡದೆ, ಕೇಳಿದ್ದನ್ನು ಕೇಳಿದ ಹಾಗೇ ಒಪ್ಪಿಸಿದರು.

"ಆ ಲಾಂಡ್ರಿಯವಳ ಮನೆ ನೋಡಬೇಕಿತ್ತು ನೀವು, ಪರದೆಗೂ ಇಸ್ತ್ರಿ! ನಮ್ಮ ಮನೇಲೂ ಇಲ್ಲ ಅಂಥ ಕಪ್ಪು. ಹುಡುಗಿಗೆ ಆಗಲೇ ಹೆಸರು ಹಾಕಿ ಕೋಟು ಹೊಲಿಸಿಟ್ಟಿದ್ದಾರೆ. ಇಂಥವರಿಗೆ ಕೊಟ್ರೆ ನಿಜವಾದ ಬಡವರ ಹೊಟ್ಟೆ ಮೇಲೆ ಹೊಡೆದ ಹಾಗೆ" ಅಂದರಂತೆ ಮೇಡಮ್ಮು.

"ಡಾಕ್ಟರು ಏನಂದ್ರು?" ಅಂದೆ.

ಇವರು ಬಗ್ಗಿ ಚಪ್ಪಲಿ ಬಿಡತೊಡಗಿದರು.

"ಹೇಳ್ರೀ."

"ನಮ್ಮ ಲಾಂಡ್ರಿ ಕೆಲಸ ಚೆನ್ನಾಗಿದೆ ಅಂತಾಯ್ತು ಅಂದ್ರು. ಇಬ್ರೂ ನಕ್ರು. ಅಷ್ಟರಲ್ಲಿ ಐದನೇ ಮಹಡಿ ಬಂತು."

"ನೀವು ಏನೂ ಅನ್ನಲಿಲ್ವಾ?"

"ಅಂದೆ. ಐದನೇ ಮಹಡಿ ಸಾರ್ ಅಂದೆ."

ಮಾರನೆಯ ದಿನ ಡಾಕ್ಟರ ಕೋಟನ್ನು ನಾನೇ ಮೇಲೆ ತೆಗೆದುಕೊಂಡು ಹೋದೆ. ಪರದೆ ಎಲ್ಲಿಯದು, ಕಪ್ಪು ಯಾರದು, ಎಲ್ಲ ಬಿಡಿಸಿ ಹೇಳಿದೆ. ಅವರು ಕೋಟು ಹಾಕಿಕೊಂಡು ಕನ್ನಡಿಯಲ್ಲಿ ಕಾಲರು ನೋಡಿಕೊಳ್ಳುತ್ತಲೇ, "ಕಮಿಟಿ ತೀರ್ಮಾನ ಆಗಿಹೋಗಿದೆ ಕಣಮ್ಮ. ನನ್ನ ಕೈ ಕಟ್ಟಿದೆ. ನರ್ಸಿಂಗ್‌ಗೆ ಹಾಕು, ಅಲ್ಲಿ ನಾನೊಂದು ಮಾತು ಹೇಳ್ತೀನಿ" ಅಂದರು. ಕಟ್ಟಿದ್ದ ಆ ಎರಡು ಕೈಯೂ ಆರಾಮಾಗಿ ಗುಂಡಿ ಹಾಕಿಕೊಳ್ಳುತ್ತಿದ್ದವು. ಒಂದೂ ಕಿತ್ತು ಬರಲಿಲ್ಲ. ಹನ್ನೊಂದು ವರ್ಷದಿಂದ ನಾನೇ ಹೊಲಿದವು.

ಮನೆಯಲ್ಲಿ ಗುಂಡಿ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

"ಬಡವರಾಗಿರೋದು ಒಂದೇ ನಮ್ಮ ಹತ್ತಿರ ಇದ್ದ ಸರ್ಟಿಫಿಕೇಟು. ಅದನ್ನೂ ಇಸ್ತ್ರಿ ಮಾಡಿ ಒಳಗೆ ಮಡಚಿಟ್ಟುಬಿಟ್ಟೆಯಲ್ಲಮ್ಮ."

"ನಾನು ಮರ್ಯಾದೆಗೆ..."

"ಮರ್ಯಾದೆ ಫೀಸು ಕಟ್ಟುತ್ತಾ?"

ಅವಳಪ್ಪ, "ಏಯ್, ಯಾರ ಹತ್ರ ಮಾತಾಡ್ತಿದ್ದೀಯ?" ಅಂದರು. ಅವಳು ಎದ್ದು ಹೊರಗೆ ಹೋದಳು. ಹದಿಮೂರು ದಿನ ಉಳಿದಿತ್ತು.

ಆ ಹದಿಮೂರು ದಿನದಲ್ಲಿ ನೆರವು ಹುಡುಕಿದ್ದು ಅವಳೇ. ಬ್ಯಾಂಕಿನವರು ಅಡವಿಡಲು ಏನಿದೆ ಅಂತ ಕೇಳಿದರು. ಒಂದು ಸಂಘದವರು ಕಳೆದ ತಿಂಗಳೇ ಮುಗಿಯಿತು ಅಂದರು. ಇನ್ನೊಬ್ಬರು ಪುಸ್ತಕ ಮಾತ್ರ ಕೊಡುತ್ತೇವೆ, ಅದೂ ಹಳೇದು ಅಂದರು. ಕೊನೆಗೆ ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ, ಬೇರೆ ಕಾಗದಗಳ ಹಿಂದೆ ಅರ್ಧ ಮುಚ್ಚಿಹೋಗಿದ್ದ ಒಂದು ಸಹಾಯನಿಧಿಯ ಚೀಟಿ ಸಿಕ್ಕಿತು. ಫೀಸು, ಹಾಸ್ಟೆಲ್ಲು, ಊಟ, ಪುಸ್ತಕ, ಓಡಾಟದ ಖರ್ಚಿಗೂ ಇಷ್ಟು ಅಂತ. ನನಗೆ ನಂಬಿಕೆ ಬರಲಿಲ್ಲ. ಅಷ್ಟು ಧಾರಾಳವಾಗಿ ಯಾರು ಕೊಡುತ್ತಾರೆ? ಗುಂಡಿ ಫೋನು ಮಾಡಿದಳು, ಅರ್ಜಿ ಹಾಕಿದಳು. ಶುಕ್ರವಾರ ಮನೆ ನೋಡಲು ಬರುತ್ತಾರೆ ಅಂತ ಉತ್ತರ ಬಂತು.

ಗುರುವಾರ ಕೆಲಸದಿಂದ ಬಂದಾಗ ಗುಂಡಿ ನೆಲದ ಮೇಲೆ ಕೂತಿದ್ದಳು. ಮಡಿಲಲ್ಲಿ ನನ್ನ ಪರದೆ, ಕೈಯಲ್ಲಿ ಬ್ಲೇಡು. ಒಂದೊಂದೇ ಹೊಲಿಗೆ ಕತ್ತರಿಸಿ ಅಂಚು ಬಿಚ್ಚುತ್ತಿದ್ದಳು. ಬಟ್ಟೆಗೆ ಒಂದು ಗೀರೂ ಬೀಳದ ಹಾಗೆ, ಅಷ್ಟು ಜೋಪಾನವಾಗಿ.

"ಏನೇ ಇದು?"

"ಮುದ್ರೆ ಹೊರಗೆ ಬರಲಿ ಅಂತ."

"ಬಡವರ ನಾಟಕ ಆಡ್ತೀಯಾ?"

ಅವಳು ತಲೆ ಎತ್ತಲಿಲ್ಲ. "ನಾಟಕ ಆಡಿದ್ದು ಅವತ್ತಮ್ಮ. ಇವತ್ತು ನೀನು ಮುಚ್ಚಿಟ್ಟಿದ್ದನ್ನ ಬಿಚ್ತಾ ಇದ್ದೀನಿ, ಅಷ್ಟೇ. ಇದರಲ್ಲಿ ಒಂದು ಸುಳ್ಳು ತೋರಿಸು, ನಿಲ್ಲಿಸಿಬಿಡ್ತೀನಿ."

ನಾನು ದೀಪ ಹಾಕಿದೆ. ಅವಳು ಹೊದಿಕೆಯ ಅಂಚು ಬಿಚ್ಚಿದಳು, ದಿಂಬಿನದು ಬಿಚ್ಚಿದಳು. ಎಲ್ಲವನ್ನೂ ನೀರಲ್ಲಿ ಅದ್ದಿ, ಹಿಂಡಿ, ಮುದ್ದೆ ಮಾಡಿ ಒಣಗಲು ಬಿಟ್ಟಳು. ಪಕ್ಕದ ಮನೆಯ ಕುರ್ಚಿ, ಮಾಲೀಕರ ಕಪ್ಪು ವಾಪಸು ಹೋಗಿದ್ದವು. ಗೋಡೆಯ ಕೋಟನ್ನು ತೆಗೆದು ಪೆಟ್ಟಿಗೆಯ ತಳಕ್ಕೆ ಹಾಕಿದಳು. ನಾಳೆ ನಾನು ಹಾಕಿಕೊಳ್ಳಲು ಇಟ್ಟಿದ್ದ ಬಟ್ಟೆಯನ್ನೂ ಎತ್ತಿ, ನನ್ನ ಮುಖ ನೋಡದೆ, ಮುದುರಿ ಕೊಟ್ಟಳು. ನಮ್ಮ ಮನೆಯವರು ಮೂಲೆಯಲ್ಲಿ ಕೂತು, "ನನ್ನನ್ನೂ ಹಿಂಡಿ ಒಣಗಿಸ್ತೀಯೇನೇ?" ಅಂದರು. ಯಾರೂ ನಗಲಿಲ್ಲ. ಅವರೂ ನಗಲಿಲ್ಲ.

ಶುಕ್ರವಾರ ಬಂದವನು ಸುಸ್ತಾದ ಒಬ್ಬ ಮಧ್ಯವಯಸ್ಸಿನ ಮನುಷ್ಯ. ಕೆಟ್ಟವನಲ್ಲ. ಚಹಾ ಬೇಡ ಅಂದ. "ಬೇಜಾರು ಮಾಡ್ಕೋಬೇಡಿ ಅಮ್ಮ, ನಾನಲ್ಲ ಕೇಳೋದು, ಈ ಫಾರಂ ಕೇಳುತ್ತೆ" ಅಂತ ಹೇಳಿ ಒಂದೊಂದೇ ಕೇಳಿದ. ಮಂಚ ಎಷ್ಟು? ಒಂದು. ಮಲಗೋರು? ಮೂರು. ನೀರು ಒಳಗೋ ಹೊರಗೋ? ಹೊರಗೆ. ಪರದೆ ಸರಿಸಿ ಗೋಡೆಯ ತೇವ ಮುಟ್ಟಿ ನೋಡಿದ. ಅಂಚಿನ ಮುದ್ರೆಯ ಹತ್ತಿರ ಬಗ್ಗಿ, "ರದ್ದು?" ಅಂದ.

"ಆಸ್ಪತ್ರೆಯಲ್ಲಿ ರೋಗಿಗಳು ಮಲಗೋ ಹಾಸಿಗೆದು. ಹಳೇದಾದ ಮೇಲೆ ತೂಕದ ಮೇಲೆ ಮಾರ್ತಾರೆ. ನಮ್ಮನೇಲಿ ಎಲ್ಲ ಅದೇ" ಅಂದೆ. ನಾಲಿಗೆ ಈ ಸಲ ಎದ್ದಿತು. ಗುಂಡಿ ಕಿಟಕಿ ಕಡೆ ತಿರುಗಿಕೊಂಡಳು.

ಅವನು ತುಂಬಾ ಹೊತ್ತು ಬರೆದ. ಹತ್ತು ಕಡೆ ಸಹಿ ಹಾಕಿಸಿಕೊಂಡ. ಒಂದು ಸಹಿ ಫೋಟೋಕ್ಕೆ ಒಪ್ಪಿಗೆ ಇದೆ ಅಂತ. ನನ್ನನ್ನು ಪರದೆಯ ಪಕ್ಕ, ಮುದ್ರೆ ಕಾಣುವ ಹಾಗೆ ನಿಲ್ಲಿಸಿದ. ಫೋಟೋ ಅಂದರೆ ಅಭ್ಯಾಸಬಲದಿಂದ ಬಟ್ಟೆ ನೀವಿಕೊಂಡು ಮುಗುಳ್ನಕ್ಕೆ.

"ನಗಬೇಡಿ ಅಮ್ಮ. ಇನ್ನೊಂದು ಸಲ" ಅಂದ.

ಕೊನೆಯ ದಿನ ಮಧ್ಯಾಹ್ನ ಮೂರಕ್ಕೆ ಕಾಲೇಜಿಗೆ ಹಣ ಬಂತು, ಪೂರ್ತಿ. ಐದು ವರ್ಷಕ್ಕೂ ಕೊಡುತ್ತಾರೆ. ಒಂದೇ ಷರತ್ತು: ಪ್ರತಿ ವರ್ಷ ಯಾವ ದಿನ ಬೇಕಾದರೂ, ಮುಂಚಿತವಾಗಿ ತಿಳಿಸದೆ, ಮನೆಗೆ ಬಂದು ನೋಡುತ್ತಾರೆ. ಪರಿಸ್ಥಿತಿ ಸುಧಾರಿಸಿದ್ದರೆ ನೆರವು ನಿಲ್ಲುತ್ತದೆ.

ಹಾಗಾಗಿ ಪರದೆಯ ಅಂಚನ್ನು ನಾನು ತಿರುಗಿ ಹೊಲಿಯಲಿಲ್ಲ. ನೂರಾರು ಜನರ ಕೋಟಿಗೆ ಗಂಜಿ ಹಾಕಿ ಮನೆಗೆ ಬರುತ್ತೇನೆ, ಮನೆಯಲ್ಲಿ ಎಲ್ಲ ಮುದುರಿಕೊಂಡೇ ಇರುತ್ತದೆ. ಮಂಚದಿಂದ ನೋಡಿದರೆ ಆ ಮುದ್ರೆ ಸರಿಯಾಗಿ ಕಣ್ಣಿಗೆ ನೇರ. ಗುಂಡಿ ಹಾಸ್ಟೆಲಿನಿಂದ ಬಂದಾಗ ಅವಳ ಕೋಟನ್ನಾದರೂ ಇಸ್ತ್ರಿ ಮಾಡಿಕೊಡುತ್ತೇನೆ ಅಂದೆ. "ಬೇಡಮ್ಮ, ನೆರವಿನ ಹುಡುಗಿಗೆ ಇಷ್ಟು ಗರಿಗರಿ ಯಾಕೆ ಅಂತ ಯಾರಾದ್ರೂ ಅಂದ್ಕೊಂಡ್ರೆ?" ಅಂತ ಚೀಲಕ್ಕೆ ತುರುಕಿಕೊಂಡಳು. ಬಸ್ಸಿಗೆ ಹೋಗುವಾಗ ಬಾಗಿಲಲ್ಲಿ ನಿಂತು, "ಅವತ್ತು ಹಾಗೆ ಮಾತಾಡಬಾರದಿತ್ತು" ಅಂದಳು. "ಮಾತಾಡಿದ್ದಕ್ಕೇ ಓದ್ತಾ ಇದ್ದೀಯ, ಹೋಗು" ಅಂದೆ. ಸಮಾಧಾನ ಮಾಡಲು ಅಂದದ್ದು. ಅಂದ ರೀತಿ ಬೇರೆ ಥರ ಬಂತು.

ಹೋದ ತಿಂಗಳು ಸಹಾಯನಿಧಿಯವರು ಆಸ್ಪತ್ರೆಗಳಲ್ಲೆಲ್ಲ ದೇಣಿಗೆ ಕೇಳುವ ಪೋಸ್ಟರು ಅಂಟಿಸಿದರು. 'ಈ ತಾಯಿಯ ಮಗಳು ಡಾಕ್ಟರಾಗಲು ನೀವೂ ಕೈಜೋಡಿಸಿ' ಅಂತ ದಪ್ಪ ಅಕ್ಷರ, ಕೆಳಗೆ ಪರದೆಯ ಪಕ್ಕ ನಾನು. ನಗದೆ ನಿಂತಿರುವ ಎರಡನೇ ಫೋಟೋ. ಒಂದನ್ನು ಲಿಫ್ಟಿನ ಒಳಗೇ ಅಂಟಿಸಿದ್ದಾರೆ. ನಮ್ಮ ಮನೆಯವರು ಅದರ ಪಕ್ಕ ಸ್ಟೂಲಿನ ಮೇಲೆ ಕೂತು ದಿನವಿಡೀ ಮೇಲೆ ಕೆಳಗೆ ಓಡಾಡುತ್ತಾರೆ. ಹಳೇ ಜೋಕು ಹೇಳುವುದನ್ನು ಈಗ ನಿಲ್ಲಿಸಿದ್ದಾರೆ.

ನಿನ್ನೆ ದೊಡ್ಡ ಡಾಕ್ಟರು ಕೋಟಿಗೆ ಅಂತ ತಾವೇ ಲಾಂಡ್ರಿಗೆ ಇಳಿದು ಬಂದರು. ಡ್ರಮ್ಮಣ್ಣ ಮೆಷಿನ್ ನಿಲ್ಲಿಸಿ ನೋಡಿದ.

"ಲಿಫ್ಟಲ್ಲಿರೋ ಫೋಟೋ ನಿಂದೇ ಏನಮ್ಮ? ಗುರುತೇ ಸಿಗಲಿಲ್ಲ. ಮಗಳು ಮೆಡಿಕಲ್ ಸೇರಿದ್ಲಂತೆ?"

"ಹೌದು ಸಾರ್."

"ನಾನು ಅವತ್ತೇ ಹೇಳಿರಲಿಲ್ವಾ, ಇದೇ ಜಾಗದಲ್ಲಿ! ಈ ಹುಡುಗಿ ಡಾಕ್ಟರಾಗ್ತಾಳೆ ಅಂತ. ನನ್ನ ಬಾಯಲ್ಲಿ ಬಂದ ಮಾತು ಸುಳ್ಳಾಗಲ್ಲ."

"ಹೌದು ಸಾರ್" ಅಂದೆ. ಕೋಟು ಕೊಟ್ಟೆ. ಕಾಲರಿನ ಒಳಮೈ ಮೊದಲು, ಹೊರಮೈ ಆಮೇಲೆ, ಯಾವತ್ತಿನ ಹಾಗೇ ಮಾಡಿದ್ದೆ. ಹಾಕಿಕೊಂಡು, ಗುಂಡಿ ಹಾಕುತ್ತಾ ಮೆಟ್ಟಿಲು ಹತ್ತಿ ಹೋದರು.

ಓದಿಸೋ ಜವಾಬ್ದಾರಿ ನನ್ನದು ಅಂದಿದ್ದರು. ಓದಿಸಲಿಲ್ಲ.